ಕನ್ನಡಿ, ಕತ್ತರಿ, ಖಾತೆ: ಹಾರ್ಲೆಮ್ಮಿನ ಅಂಗಿ ವ್ಯಾಪಾರದ ಏಳು ಸಾಲಿಗೆ ಒಂದು ವ್ಯಾಖ್ಯಾನ

ಪೀಠಿಕೆ

ಸೂತ್ರ ಬರೆದವನೇ ಅದಕ್ಕೆ ವೃತ್ತಿಯನ್ನೂ ಬರೆಯುವ ರೂಢಿ ನಮ್ಮ ಶಾಸ್ತ್ರಗ್ರಂಥಗಳಲ್ಲಿ ಉಂಟು. ಆ ಧೈರ್ಯದ ಮೇಲೆ ಕೆಳಗಿನ ಏಳು ಸಾಲುಗಳನ್ನು ನಾನೇ ಕಟ್ಟಿ, ಅರ್ಥವನ್ನೂ ನಾನೇ ಹೇಳುತ್ತಿದ್ದೇನೆ. ಸಾಲುಗಳು ನನ್ನವು, ಅವುಗಳ ಹಿಂದಿನ ಕಥೆ ಮಾತ್ರ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಕಪ್ಪು ಜನರದು. ದೇವರ ಹುಡುಕಾಟ, ಮೈಬಣ್ಣದ ಅಭಿಮಾನ ಎರಡೂ ಒಟ್ಟಿಗೆ ಎಚ್ಚೆತ್ತ ಕಾಲದಲ್ಲಿ ಅಲ್ಲಿ ಹೊಲಿಗೆ ಮಷಿನ್ನುಗಳು ಸದ್ದು ಮಾಡಿದವು. ಅಂಗಡಿಗಳು ತೆರೆದವು, ಕೆಲವು ಹೆಸರು ಮಾಡಿದವು, ಹಲವು ಮುಚ್ಚಿದವು. ಎಚ್ಚರದಿಂದ ಅಂಗಡಿ ಹೇಗೆ ಹುಟ್ಟಿತು, ಹುಟ್ಟಿದ್ದು ಯಾವುದರಿಂದ ಉಳಿಯಿತು ಅಥವಾ ಅಳಿಯಿತು ಎಂಬುದೇ ಇಲ್ಲಿಯ ವಿಚಾರ.

ಮೂಲ

ಮೊದಲು ಕನ್ನಡಿ, ಆಮೇಲೆ ಕತ್ತರಿ.
ಗುಡಿಯ ಮಗ್ಗುಲಲ್ಲೇ ಹೊಲಿಗೆ ಮಷಿನ್ನು.
ಬಣ್ಣ ಬರೀ ಬಣ್ಣವಲ್ಲ, ಬಾವುಟ.
ಉಟ್ಟವರು ನಡೆದು ಬರಲಿ, ಊರು ನೋಡಲಿ.
ಬಟ್ಟೆ ಯಾರದು, ಅಚ್ಚು ಯಾರದು, ಕೇಳು.
ಅಂಗಿ ಮಾರು, ದೇವರನ್ನು ಮಾರಬೇಡ.
ಉದ್ರಿ ಖಾತೆ ದಿನಾ ತೆರೆ.

1. ಮೊದಲು ಕನ್ನಡಿ, ಆಮೇಲೆ ಕತ್ತರಿ.

ಕನ್ನಡಿ ಎಂದರೆ ತನ್ನನ್ನು ತಾನು ನೋಡಿಕೊಳ್ಳುವ ಬಗೆ. ಕತ್ತರಿ ಎಂದರೆ ಕಸುಬು. ಈ ವ್ಯಾಪಾರದಲ್ಲಿ ಕಸುಬು ಎರಡನೆಯದು.

1940ರ ದಶಕದಲ್ಲಿ ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞ ದಂಪತಿ ಕಪ್ಪು ಮಕ್ಕಳ ಮುಂದೆ ಗೊಂಬೆಗಳನ್ನು ಇಟ್ಟರು. ಎಲ್ಲವೂ ಒಂದೇ ಅಚ್ಚಿನವು, ಮೈಬಣ್ಣ ಮಾತ್ರ ಬೇರೆ. ಒಳ್ಳೆಯ ಗೊಂಬೆ ಯಾವುದು ಎಂದು ಕೇಳಿದರೆ ಹೆಚ್ಚಿನ ಮಕ್ಕಳು ಬಿಳಿಯದನ್ನು ತೋರಿಸಿದರು. ನಿನ್ನ ಹಾಗೆ ಇರುವುದು ಯಾವುದು ಎಂದು ಕೇಳಿದಾಗ ಕೆಲವು ಮಕ್ಕಳು ಅತ್ತೇಬಿಟ್ಟವು. 1954ರಲ್ಲಿ ಶಾಲೆಗಳಲ್ಲಿನ ವರ್ಣಭೇದವನ್ನು ಅಸಿಂಧುಗೊಳಿಸಿದ ಸುಪ್ರೀಂ ಕೋರ್ಟಿನ ತೀರ್ಪು ಕ್ಲಾರ್ಕರ ಕೆಲಸವನ್ನು ಉಲ್ಲೇಖಿಸಿತು. ದೊಡ್ಡವರ ಪಾಡೂ ಬೇರೆಯಾಗಿರಲಿಲ್ಲ. ಕಾದ ಬಾಚಣಿಗೆಯಿಂದ ಗುಂಗುರು ಕೂದಲನ್ನು ನೇರ ಮಾಡಿಕೊಳ್ಳುವುದು, ಮೈ ಬೆಳ್ಳಗಾಗಿಸುವ ಕ್ರೀಮು ಹಚ್ಚುವುದು ಮನೆಮನೆಯ ಪಾಠವಾಗಿತ್ತು. ಇಂಥ ಕನ್ನಡಿಯ ಮುಂದೆ ನಿಂತವರಿಗೆ ಆಫ್ರಿಕಾದ ಅಂಗಿಯನ್ನು ಎಷ್ಟು ಚೆಂದ ಹೊಲಿದು ಕೊಟ್ಟರೂ ಅದು ನಾಟಕದ ವೇಷವಾಗಿಯೇ ಕಂಡೀತು.

ಆಕ್ಷೇಪ: ಗಿರಾಕಿಯ ಮನಸ್ಸು ತಿದ್ದುವುದು ವ್ಯಾಪಾರಿಯ ಕೆಲಸವೇ? ಬೇಡಿಕೆ ಇದ್ದದ್ದನ್ನು ಹೊಲಿದು ಮಾರಿದರೆ ಸಾಲದೆ?

ಸಮಾಧಾನ: ಇದ್ದ ಬೇಡಿಕೆಗೆ ಅಂಗಡಿಗಳು ಮೊದಲೇ ಇದ್ದವು, ಮತ್ತು ಅವುಗಳ ಒಡೆಯರು ಬೇರೆಯವರು. ಹಾರ್ಲೆಮ್ಮಿನ 125ನೇ ಬೀದಿಯ ಬ್ಲಮ್‌ಸ್ಟೈನ್ ಬಟ್ಟೆ ಮಳಿಗೆಗೆ ಕಪ್ಪು ಗಿರಾಕಿಗಳು ಬೇಕಿದ್ದರು, ಕಪ್ಪು ಗುಮಾಸ್ತರು ಬೇಡವಾಗಿದ್ದರು. 1934ರಲ್ಲಿ ಜನ ಅದನ್ನು ಬಹಿಷ್ಕರಿಸಿ ಬೀದಿಗಿಳಿದ ಮೇಲೆ ಒಡೆಯರು ಕೆಲಸ ಕೊಡಲು ಒಪ್ಪಿಕೊಂಡರು. ಆದರೂ ಅಂಗಡಿ ಅವರದೇ, ಏನು ಮಾರಬೇಕೆಂಬ ತೀರ್ಮಾನವೂ ಅವರದೇ. ಹೊಸ ಅಂಗಡಿಗೆ ಹೊಸ ಬೇಡಿಕೆಯೇ ಬೇಕಿತ್ತು. ಅದು ಕನ್ನಡಿಯಲ್ಲೇ ಹುಟ್ಟಬೇಕಿತ್ತು.

2. ಗುಡಿಯ ಮಗ್ಗುಲಲ್ಲೇ ಹೊಲಿಗೆ ಮಷಿನ್ನು.

ಇದು ಅಲಂಕಾರದ ಮಾತಲ್ಲ, ನಡೆದ ಸಂಗತಿ. 1928ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದ ವಾಲ್ಟರ್ ಯೂಜಿನ್ ಕಿಂಗ್ ಬ್ಯಾಪ್ಟಿಸ್ಟ್ ಚರ್ಚಿನ ಮನೆತನದವರು. ಯೌವನದಲ್ಲಿ ಕ್ಯಾಥರೀನ್ ಡನ್‌ಹ್ಯಾಮ್ ಅವರ ನೃತ್ಯ ತಂಡ ಸೇರಿದರು. ಎಲ್ಲ ಜನಾಂಗಕ್ಕೂ ತನ್ನದೊಂದು ದೇವರಿದೆ, ನಮ್ಮದು ಎಲ್ಲಿ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಹುಡುಕುತ್ತಾ ಹೋಗಿ 1959ರ ಆಗಸ್ಟಿನಲ್ಲಿ ಕ್ಯೂಬಾದ ಮಟಾನ್ಸಾಸ್ ಪಟ್ಟಣದಲ್ಲಿ ಯೊರುಬಾ ಪರಂಪರೆಯ ದೀಕ್ಷೆ ಪಡೆದರು. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಕ್ಯೂಬಾಕ್ಕೆ ಬಂದ ಯೊರುಬಾ ಜನ ಕ್ಯಾಥೊಲಿಕ್ ಸಂತರ ಮರೆಯಲ್ಲಿ ತಮ್ಮ ದೇವತೆಗಳನ್ನು ತಲೆಮಾರುಗಳ ಕಾಲ ಕಾಪಾಡಿಕೊಂಡಿದ್ದರು. ದೀಕ್ಷೆಯಾದ ಮೇಲೆ ಕಿಂಗ್ ಅವರು ಒಸೈಜೆಮಾನ್ ಅಡೆಫುನ್ಮಿ ಆದರು. 1960ರ ಹೊತ್ತಿಗೆ ಹಾರ್ಲೆಮ್ಮಿನ 116ನೇ ಬೀದಿಯಲ್ಲಿ ಅವರ ಯೊರುಬಾ ಗುಡಿ ನಡೆಯುತ್ತಿತ್ತು. ಅದೇ ಹೊತ್ತಿಗೆ ಡಶಿಕಿ ಮುಂತಾದ ಆಫ್ರಿಕನ್ ಉಡುಪುಗಳನ್ನು ಸಣ್ಣ ಪ್ರಮಾಣದಲ್ಲಿ ಹೊಲಿಸಿ ಮಾರುವುದನ್ನೂ ಶುರುಮಾಡಿದರು.

ಅವರಿಗೆ ದೀಕ್ಷೆಯಾದದ್ದು ಒಬಟಾಲಾ ದೇವತೆಗೆ. ಯೊರುಬಾ ನಂಬಿಕೆಯಲ್ಲಿ ಮನುಷ್ಯರ ಮೈಯನ್ನು ಮಣ್ಣಿನಿಂದ ತಿದ್ದಿದವನು ಒಬಟಾಲಾ. ಅವನ ಬಣ್ಣ ಬಿಳಿ. ಕ್ಯೂಬಾದ ಪದ್ಧತಿಯಲ್ಲಿ ಹೊಸದಾಗಿ ದೀಕ್ಷೆ ಪಡೆದವರು ಒಂದು ವರ್ಷ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆಯನ್ನೇ ಉಡಬೇಕು. ಮೈಯನ್ನು ತಿದ್ದಿದವನೇ ದೇವರು ಎಂದಾದರೆ ಆ ಮೈಗೆ ನಾಚುವ ಮಾತೇ ಇಲ್ಲ. ಉಡುವುದೇ ವ್ರತ ಎಂದಾದರೆ ಬಟ್ಟೆ ಹಗುರದ ವಸ್ತುವಲ್ಲ. ಕ್ಲಾರ್ಕ್ ದಂಪತಿ ಗೊಂಬೆ ಇಟ್ಟು ಕೇಳಿದ ಪ್ರಶ್ನೆಗೆ ಅಡೆಫುನ್ಮಿ ಗುಡಿಯೊಳಗಿನಿಂದ ಉತ್ತರ ಕೊಟ್ಟರು.

ಇನ್ನು ಮಷಿನ್ನಿನ ಮಾತು. ಡಶಿಕಿಯನ್ನು ಮೇಜಿನ ಮೇಲೆ ಹರಡಿ ನೋಡಿ. ತಲೆಯ ಮೇಲಿಂದ ತೊಡುವ ಸಡಿಲ ಅಂಗಿ. ಕಾಲರ್ ಇಲ್ಲ. ಗುಂಡಿ ಇಲ್ಲ, ಹಾಗಾಗಿ ಕಾಜಾ ಮಾಡುವ ಕೆಲಸವೂ ಇಲ್ಲ. ಕುತ್ತಿಗೆಯ ಸುತ್ತ ಕಸೂತಿ ಅಥವಾ ಅಚ್ಚಿನ ಅಲಂಕಾರ, ಕೆಳಗೆ ಎರಡು ಜೇಬು, ಪಕ್ಕಗಳಲ್ಲಿ ನೇರ ಹೊಲಿಗೆ. ಮೈಗೆ ಅಂಟುವ ಅಳತೆ ಬೇಡವಾದ್ದರಿಂದ ಒಂದೇ ಕಟಿಂಗಿನ ಅಂಗಿ ನಾಲ್ಕು ಜನಕ್ಕೆ ಆಗುತ್ತದೆ. ಅರ್ಧಂಬರ್ಧ ಕಲಿತ ಟೈಲರ್ ಕೂಡ ದಿನಕ್ಕೆ ಹಲವು ಹೊಲಿಯಬಲ್ಲ. ಕೈಯಲ್ಲಿ ಬಂಡವಾಳವಿಲ್ಲದ ಜನಕ್ಕೆ ಇಂಥ ಅಂಗಿಯೇ ಸರಿ. ಕೋಟು ಹೊಲಿಯಲು ಹೊರಟಿದ್ದರೆ ಅಭಿಮಾನ ಎಷ್ಟಿದ್ದರೂ ಕಸುಬು ಕೈಕೊಡುತ್ತಿತ್ತು.

3. ಬಣ್ಣ ಬರೀ ಬಣ್ಣವಲ್ಲ, ಬಾವುಟ.

ಅಡೆಫುನ್ಮಿಗೆ ಮೊದಲೇ ಈ ನೆಲ ಹದಮಾಡಿದವರು ಜಮೈಕಾದ ಮಾರ್ಕಸ್ ಗಾರ್ವೆ. 1920ರ ಆಗಸ್ಟಿನಲ್ಲಿ ಅವರ ಸಂಘಟನೆಯ ದೊಡ್ಡ ಸಮಾವೇಶ ನ್ಯೂಯಾರ್ಕಿನಲ್ಲಿ ಸೇರಿ ಹಕ್ಕುಗಳ ಘೋಷಣೆ ಹೊರಡಿಸಿತು. ಕೆಂಪು, ಕಪ್ಪು, ಹಸಿರು ನಮ್ಮ ಬಣ್ಣಗಳು ಎಂಬುದು ಅದರಲ್ಲೇ ಬಂತು. ಹಾರ್ಲೆಮ್ಮಿನ ಬೀದಿಗಳಲ್ಲಿ ಸಮವಸ್ತ್ರ ತೊಟ್ಟ ಗಂಡಸರು, ಬಿಳಿ ಉಡುಪಿನ ಕಪ್ಪು ದಾದಿಯರು ಸಾಲುಸಾಲಾಗಿ ನಡೆದರು.

ಆಕ್ಷೇಪ: ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತಾಯಿತಲ್ಲ. ಬಡವರಿಗೆ ಪಟ್ಟಿ, ಪದಕ, ಪೇಟ ಯಾಕೆ?

ಸಮಾಧಾನ: ಗಾರ್ವೆ ಮಲ್ಲಿಗೆಯ ಜೊತೆ ಹಿಟ್ಟಿನ ಏರ್ಪಾಡನ್ನೂ ಮಾಡಿದ್ದರು. 1919ರಲ್ಲಿ ಅವರು ಕಟ್ಟಿದ ನೀಗ್ರೋ ಫ್ಯಾಕ್ಟರೀಸ್ ಕಾರ್ಪೊರೇಷನ್ ದಿನಸಿ ಅಂಗಡಿ, ಹೋಟೆಲು, ಲಾಂಡ್ರಿಗಳ ಜೊತೆಗೆ ಹೊಲಿಗೆ ಅಂಗಡಿ, ಹ್ಯಾಟು ಮಾಡುವ ಅಂಗಡಿಗಳನ್ನೂ ನಡೆಸಿತು. ಮೆರವಣಿಗೆಗೆ ಉಡುಪು ಬೇಕು, ಉಡುಪಿಗೆ ಹೊಲಿಯುವ ಕೈ ಬೇಕು, ಕೈಗೆ ಕೂಲಿ ಸಿಗುತ್ತದೆ.

ಜಮೈಕಾದಲ್ಲಿ ಬಣ್ಣದ ಈ ಅಭಿಮಾನ ಬೇರೆ ದಾರಿ ಹಿಡಿಯಿತು. 1930ರ ನವೆಂಬರಿನಲ್ಲಿ ಇಥಿಯೋಪಿಯಾದಲ್ಲಿ ಹೈಲೆ ಸೆಲಾಸಿಯ ಪಟ್ಟಾಭಿಷೇಕವಾದಾಗ ಜಮೈಕಾದ ಬಡವರಲ್ಲಿ ಕೆಲವರು ಆತನಲ್ಲಿ ದೇವರನ್ನೇ ಕಂಡರು. ರಾಸ್ತಫಾರಿ ಪಂಥ ಹುಟ್ಟಿತು. ಇಥಿಯೋಪಿಯಾದ ಬಾವುಟದ ಹಸಿರು, ಹಳದಿ, ಕೆಂಪು ಅವರ ಹೆಣಿಗೆಯ ಟೋಪಿಗೆ ಬಂದವು. ಜಡೆಗಟ್ಟಿದ ಕೂದಲನ್ನು ಒಳಗಿಟ್ಟುಕೊಳ್ಳಲು ಮಾಡಿದ ಟೋಪಿ ಅದು. ಅಗತ್ಯಕ್ಕೆ ಹೆಣೆದದ್ದು ಗುರುತಾಯಿತು, ಗುರುತು ಆಮೇಲೆ ಮಾರಾಟದ ಸರಕೂ ಆಯಿತು. ಈ ಕೊನೆಯ ಮಾತನ್ನು ಆರನೆಯ ಸಾಲಿಗೆ ಉಳಿಸಿಕೊಳ್ಳೋಣ.

4. ಉಟ್ಟವರು ನಡೆದು ಬರಲಿ, ಊರು ನೋಡಲಿ.

ಭಾಷಣದಿಂದ ಕನ್ನಡಿ ಬದಲಾಗುವುದಿಲ್ಲ, ಕಣ್ಣಿಗೆ ಕಾಣಬೇಕು. ಗಾರ್ವೆಯ ಹಾದಿಯಲ್ಲಿದ್ದ ಕಾರ್ಲೋಸ್ ಕುಕ್ಸ್ ಸಹಜ ಚೆಲುವಿನ ಸ್ಪರ್ಧೆಗಳನ್ನು ನಡೆಸುತ್ತಿದ್ದರು. ಕೂದಲು ನೇರ ಮಾಡಿಕೊಂಡವರಿಗೆ ಅಲ್ಲಿ ಬಹುಮಾನವಿಲ್ಲ. ಅದನ್ನು ನೋಡಿ ಬೆಳೆದ ಕ್ವಾಮೆ ಬ್ರಾತ್‌ವೇಟ್, ಎಲೊಂಬೆ ಬ್ರಾತ್ ಸೋದರರು ಗೆಳೆಯರನ್ನು ಕಟ್ಟಿಕೊಂಡು ಜಾಜ್ ಮತ್ತು ಕಲೆಯ ಒಂದು ಕೂಟ ನಡೆಸುತ್ತಿದ್ದರು. 1962ರ ಜನವರಿ 28ರಂದು ಹಾರ್ಲೆಮ್ಮಿನ ಪರ್ಪಲ್ ಮ್ಯಾನರ್ ಎಂಬ ಕ್ಲಬ್ಬಿನಲ್ಲಿ ಈ ಕೂಟ 'ನ್ಯಾಚುರಲಿ 62' ಎಂಬ ಪ್ರದರ್ಶನ ಇಟ್ಟಿತು. ಅದರಲ್ಲಿ ನಡೆದು ಬಂದ ಗ್ರಾಂಡಾಸಾ ಮಾಡೆಲ್‌ಗಳು ಗುಂಗುರು ಕೂದಲಿನ, ಕಡುಗಪ್ಪು ಮೈಯ ಹಾರ್ಲೆಮ್ಮಿನದೇ ಹೆಣ್ಣುಮಕ್ಕಳು. ತೊಟ್ಟದ್ದು ಆಫ್ರಿಕಾದ ಮಾದರಿಯ ಉಡುಪು, ಅದರಲ್ಲಿ ಎಷ್ಟೋ ತಾವೇ ಹೊಲಿದುಕೊಂಡದ್ದು. ಕ್ವಾಮೆ ಬ್ರಾತ್‌ವೇಟ್ ತೆಗೆದ ಫೋಟೋಗಳು 'ಕಪ್ಪೇ ಚೆಲುವು' ಎಂಬ ಮಾತಿಗೆ ಮುಖ ಕೊಟ್ಟವು. ಮರುವರ್ಷ ಇದೇ ಗುಂಪು 125ನೇ ಬೀದಿಯ ಬಿಳಿಯರ ವಿಗ್ ಅಂಗಡಿಯ ಮುಂದೆ ಪ್ರತಿಭಟನೆಯನ್ನೂ ಮಾಡಿತು.

ವ್ಯಾಪಾರದ ಕಣ್ಣಿನಿಂದ ನೋಡಿದರೆ ಇದು ಖರ್ಚಿಲ್ಲದ ಜಾಹೀರಾತು. ಪಕ್ಕದ ಮನೆಯ ಹುಡುಗಿ ಉಟ್ಟು ನಡೆದರೆ ನೋಡಿದವಳಿಗೆ ನಾನೂ ಉಡಬಹುದು ಅನ್ನಿಸುತ್ತದೆ. ಇಂಥ ಪ್ರದರ್ಶನಗಳು ವರ್ಷವರ್ಷ ನಡೆದ ಮೇಲೆ, 1967ರಲ್ಲಿ ಜೇಸನ್ ಬೆನ್ನಿಂಗ್ ಮತ್ತು ಗೆಳೆಯರು ನ್ಯೂ ಬ್ರೀಡ್ ಎಂಬ ಹೆಸರಿನಲ್ಲಿ ಡಶಿಕಿಯನ್ನು ಹಾರ್ಲೆಮ್ಮಿನಿಂದ ದೊಡ್ಡ ಪ್ರಮಾಣದಲ್ಲಿ ಮಾರತೊಡಗಿದರು. ಕನ್ನಡಿ ಅಷ್ಟರಲ್ಲಿ ಸಿದ್ಧವಾಗಿತ್ತು.

5. ಬಟ್ಟೆ ಯಾರದು, ಅಚ್ಚು ಯಾರದು, ಕೇಳು.

ಏಳರಲ್ಲಿ ಕಹಿಯಾದ ಸಾಲು ಇದು.

ಇಂದು ಜಗತ್ತಿನಲ್ಲೆಲ್ಲ ಡಶಿಕಿ ಎಂದ ಕೂಡಲೇ ಕಣ್ಣಮುಂದೆ ಬರುವ ಒಂದು ಅಚ್ಚಿದೆ: ಕುತ್ತಿಗೆಯ ಸುತ್ತ ಹರಡಿದ ದಟ್ಟ ಹೂಬಳ್ಳಿಯಂಥ ಪಟ್ಟಿ, ಎದೆಯ ಮೇಲೆ ಇಳಿದ ಅದರ ತುದಿ, ಅಂಚಿನಲ್ಲಿ ಅದೇ ಮಾದರಿ. ಅದನ್ನು 1963ರಲ್ಲಿ ಬಿಡಿಸಿದವರು ಟೂನ್ ವಾನ್ ಡೆ ಮಾನಕ್ಕರ್ ಎಂಬ ಡಚ್ ವಿನ್ಯಾಸಕಾರ. ಮುದ್ರಿಸಿದ್ದು ನೆದರ್ಲೆಂಡ್ಸಿನ ಹೆಲ್ಮಂಡ್ ಪಟ್ಟಣದಲ್ಲಿ 1846ರಿಂದ ನಡೆಯುತ್ತಿರುವ ವ್ಲಿಸ್ಕೋ ಕಂಪನಿ. ಮಾದರಿ ಬಂದದ್ದು ಇಥಿಯೋಪಿಯಾದ ಹೆಣ್ಣುಮಕ್ಕಳ ಕಸೂತಿ ನಿಲುವಂಗಿಯಿಂದ. ಮೇಣದ ಮುದ್ರಣದ ತಂತ್ರವನ್ನು ಡಚ್ಚರು ಕಲಿತದ್ದು ಜಾವಾದ ಬಾಟಿಕ್ ಕೆಲಸಗಾರರಿಂದ. ಪಶ್ಚಿಮ ಆಫ್ರಿಕಾದ ಹೆಂಗಸರು ಸಂತೆಯಲ್ಲಿ ಅದನ್ನು ಕೊಂಡು, ಅದಕ್ಕೆ ತಮ್ಮದೇ ಹೆಸರಿಟ್ಟು ತಮ್ಮದಾಗಿಸಿಕೊಂಡರು. ಆಮೇಲೆ ಅದೇ ಅಚ್ಚಿನ ಅಗ್ಗದ ನಕಲು ಚೀನಾದಿಂದ ಬಂದು ಸಂತೆ ತುಂಬಿತು. ಆಫ್ರಿಕಾದ ಅಭಿಮಾನದ ಅಂಗಿಗೆ ಕೊಟ್ಟ ದುಡ್ಡಿನ ದೊಡ್ಡ ಪಾಲು ಆಫ್ರಿಕಾಕ್ಕೂ ಹೋಗಲಿಲ್ಲ, ಹಾರ್ಲೆಮ್ಮಿನಲ್ಲೂ ಉಳಿಯಲಿಲ್ಲ.

ಆಕ್ಷೇಪ: ಎಲ್ಲರ ಬಟ್ಟೆಯೂ ಎಲ್ಲೆಲ್ಲಿಂದಲೋ ಬಂದದ್ದೇ. ಉಟ್ಟವರ ಮನಸ್ಸು ಮುಖ್ಯ ಅಲ್ಲವೇ?

ಸಮಾಧಾನ: ಉಡುವವರಿಗೆ ಮನಸ್ಸು ಸಾಕು. ಮಾರುವವರಿಗೆ ಒಡೆತನವೂ ಬೇಕು. ಹಾರ್ಲೆಮ್ಮಿನಲ್ಲಿ ಡ್ಯಾಪರ್ ಡ್ಯಾನ್ ಎಂದೇ ಹೆಸರಾದ ಡೇನಿಯಲ್ ಡೇ ಅವರನ್ನು ನೋಡಿ. ಜೂಜಿನ ಬೀದಿಯಲ್ಲಿ ಬೆಳೆದವರು. 1960ರ ದಶಕದಲ್ಲಿ ಒಳಗಿನ ತಿರುವು ಬಂದು ಮದ್ಯ, ಮಾದಕ ವಸ್ತು, ಮಾಂಸ ಎಲ್ಲ ಬಿಟ್ಟರು. 1968ರಲ್ಲಿ ಮತ್ತು 1974ರಲ್ಲಿ ಆಫ್ರಿಕಾ ಸುತ್ತಿದರು. ಅಳತೆ ಕೊಟ್ಟು, ಹೇಳಿದಂತೆ ಹೊಲಿಸಿಕೊಳ್ಳುವ ಅಲ್ಲಿಯ ಟೈಲರ್ ಅಂಗಡಿ ಅವರ ತಲೆಯಲ್ಲಿ ಕೂತುಬಿಟ್ಟಿತು. 1982ರಲ್ಲಿ 125ನೇ ಬೀದಿಯಲ್ಲಿ ಅಂಗಡಿ ತೆರೆದು ಸೆನೆಗಲ್ಲಿನ ಟೈಲರ್‌ಗಳನ್ನು ಕೂರಿಸಿದರು. ಅಂಗಡಿ ಹಗಲೂ ರಾತ್ರಿ ನಡೆಯಿತು. ರಾಪ್ ಗಾಯಕರು, ಬಾಕ್ಸಿಂಗ್ ಪಟುಗಳು ಬಾಗಿಲಲ್ಲಿ ಕಾದರು. ಆದರೆ ತೊಗಲಿನ ಮೇಲೆ ಅವರು ಒತ್ತುತ್ತಿದ್ದದ್ದು ಯುರೋಪಿನ ದೊಡ್ಡ ಕಂಪನಿಗಳ ಮುದ್ರೆಗಳನ್ನು. ಆ ಕಂಪನಿಗಳು ಕೋರ್ಟಿನ ಆದೇಶ ಹಿಡಿದು ದಾಳಿ ಮಾಡಿಸಿದವು. 1992ರಲ್ಲಿ ಅಂಗಡಿ ಮುಚ್ಚಿತು. 2017ರಲ್ಲಿ ಗುಚ್ಚಿ ಕಂಪನಿ ಬಿಟ್ಟ ಒಂದು ಜಾಕೆಟ್, ಡ್ಯಾನ್ 1980ರ ದಶಕದ ಕೊನೆಯಲ್ಲಿ ಓಟಗಾರ್ತಿ ಡಯೇನ್ ಡಿಕ್ಸನ್‌ಗೆ ಹೊಲಿದದ್ದರ ಪಡಿಯಚ್ಚಾಗಿತ್ತು. ಜನ ಗದ್ದಲ ಎಬ್ಬಿಸಿದರು. 2018ರಲ್ಲಿ ಗುಚ್ಚಿ ಜೊತೆಗೂಡಿಯೇ ಡ್ಯಾನ್ ಅವರ ಅಂಗಡಿ ಹಾರ್ಲೆಮ್ಮಿನಲ್ಲಿ ಮತ್ತೆ ತೆರೆಯಿತು.

ಕೈಚಳಕ ಅವರದು, ಹಾರ್ಲೆಮ್ಮಿನ ಠೀವಿ ಅವರದು, ಮುದ್ರೆ ಮಾತ್ರ ಪರರದು. ಅದೊಂದು ಕೊರತೆಗೆ ಕಾಲು ಶತಮಾನ ಹೋಯಿತು. ಹೊಸಬರು ಮೊದಲ ದಿನವೇ ತಮ್ಮ ಅಚ್ಚು ತಾವೇ ಬಿಡಿಸಬೇಕು, ಹೆಸರು ನೋಂದಾಯಿಸಬೇಕು, ಥಾನು ಎಲ್ಲಿಂದ ಬರುತ್ತದೆಂದು ತಿಳಿದಿರಬೇಕು.

6. ಅಂಗಿ ಮಾರು, ದೇವರನ್ನು ಮಾರಬೇಡ.

ಗುಡಿಯ ಮಗ್ಗುಲಲ್ಲಿ ಅಂಗಡಿ ಇಟ್ಟವರಿಗೆ ಈ ಗೆರೆ ಎಳೆದುಕೊಳ್ಳುವುದು ಕಷ್ಟ. ಯೊರುಬಾ ಪರಂಪರೆಯಲ್ಲೇ ಅದಕ್ಕೆ ದಾರಿಯಿದೆ. ಪಶ್ಚಿಮ ಆಫ್ರಿಕಾದಲ್ಲಿ ಡಶಿಕಿ ಜನಸಾಮಾನ್ಯರ ದಿನಬಳಕೆಯ ಅಂಗಿ. ಯಾರು ಬೇಕಾದರೂ ತೊಡಬಹುದು, ಮಾರಬಹುದು. ದೀಕ್ಷೆಯಲ್ಲಿ ಗುರುವಿನ ಕೈಯಿಂದ ಕೊರಳಿಗೆ ಬೀಳುವ ಮಣಿಸರ ಹಾಗಲ್ಲ. ಅದಕ್ಕೆ ಸಂಸ್ಕಾರ ಆಗಿರಬೇಕು, ಪಡೆಯುವವರಿಗೆ ಅಧಿಕಾರ ಇರಬೇಕು. ಅದನ್ನು ಹ್ಯಾಂಗರಿಗೆ ನೇತುಹಾಕಿ ಬೆಲೆಚೀಟಿ ಅಂಟಿಸಿದರೆ ಭಕ್ತನೂ ಕೈಬಿಡುತ್ತಾನೆ, ಗಿರಾಕಿಯೂ ಕೆಲದಿನದಲ್ಲಿ ಬೇಸರಪಡುತ್ತಾನೆ.

ಗೆರೆ ದಾಟಿದರೆ ಏನಾಗುತ್ತದೆ ಎಂಬುದಕ್ಕೆ ಜಮೈಕಾದ ಪ್ರವಾಸಿ ಅಂಗಡಿಗಳೇ ಸಾಕ್ಷಿ. ರಾಸ್ತಾ ಟೋಪಿಗೆ ಸುಳ್ಳು ಜಡೆ ಹೊಲಿದು ಅಲ್ಲಿ ಮಾರುತ್ತಾರೆ. ಒಂದು ಪಂಥದ ವ್ರತ ಮೋಜಿನ ಟೋಪಿಯಾಯಿತು. ಅಮೆರಿಕದಲ್ಲಿ ಡಶಿಕಿಗೂ ಹೆಚ್ಚು ಕಡಿಮೆ ಇದೇ ಆಯಿತು. 1960ರ ದಶಕದ ಕೊನೆಗೆ ಬಿಳಿಯ ಹಿಪ್ಪಿಗಳೂ ತೊಟ್ಟರು, ದೊಡ್ಡ ಮಳಿಗೆಗಳೂ ಮಾರಿದವು. ಫ್ಯಾಷನ್ನು ಇಳಿದಾಗ ಸಣ್ಣ ಹೊಲಿಗೆಯವರಿಗೆ ಏಟು ಬಿತ್ತು.

ಅಡೆಫುನ್ಮಿ ಮಾತ್ರ ಅಂಗಿಯ ಹಿಂದೆ ಹೋಗಲಿಲ್ಲ. 1970ರಲ್ಲಿ ಹಾರ್ಲೆಮ್ ಬಿಟ್ಟು ಸೌತ್ ಕೆರೊಲಿನಾದಲ್ಲಿ ಒಯೊಟುಂಜಿ ಎಂಬ ಹಳ್ಳಿ ಕಟ್ಟಿದರು. ಯೊರುಬಾ ಪದ್ಧತಿಯಲ್ಲಿ ಬದುಕುವ ಆ ಹಳ್ಳಿಗೆ 2005ರಲ್ಲಿ ತೀರಿಕೊಳ್ಳುವವರೆಗೂ ಅವರೇ ದೊರೆ. ಅವರಿಗೆ ಗುಡಿ ಮುಖ್ಯ, ಅಂಗಿ ಅದರ ಉಪಜೀವನ. ಎರಡರ ಸ್ಥಾನ ಅವರಿಗೆ ಗೊಂದಲವಾಗಲಿಲ್ಲ.

7. ಉದ್ರಿ ಖಾತೆ ದಿನಾ ತೆರೆ.

ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎಂಬ ಗಾದೆ ಅಭಿಮಾನದ ಅಂಗಡಿಗೂ ತಪ್ಪಿದ್ದಲ್ಲ. 1989ರಲ್ಲಿ ಲಾಸ್ ಏಂಜಲೀಸಿನಲ್ಲಿ ಕಾರ್ಲ್ ಜೋನ್ಸ್ ಮತ್ತು ಟಿ. ಜೆ. ವಾಕರ್ ಕ್ರಾಸ್ ಕಲರ್ಸ್ ಶುರುಮಾಡಿದರು. ಸಡಿಲ ಜೀನ್ಸು, ಆಫ್ರಿಕಾದ ಬಣ್ಣಗಳು, ಪೂರ್ವಗ್ರಹ ಬೇಡ, ಹಿಂಸೆ ಬೇಡ ಎನ್ನುವ ಬರಹಗಳು. ಟಿವಿ ತಾರೆಯರು ತೊಟ್ಟರು, ಆರ್ಡರುಗಳು ಪ್ರವಾಹವಾಗಿ ಬಂದವು. ಆದರೆ ಮಾಲಿನ ದೊಡ್ಡ ಪಾಲು ಹೋಗುತ್ತಿದ್ದದ್ದು ಮೆರ್ರಿ ಗೋ ರೌಂಡ್ ಎಂಬ ಒಂದೇ ಸರಣಿ ಮಳಿಗೆಗೆ. ಆ ಮಳಿಗೆ ಕುಸಿದು 1994ರಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಹೊಡೆತಕ್ಕೆ ಕ್ರಾಸ್ ಕಲರ್ಸ್ ಕೂಡ ನೆಲಕಚ್ಚಿತು. ಹೊಲಿಗೆಯಲ್ಲಿ ದೋಷವಿರಲಿಲ್ಲ, ಆದರ್ಶದಲ್ಲಿ ಇರಲಿಲ್ಲ. ದೋಷ ಇದ್ದದ್ದು ಒಬ್ಬನೇ ಗಿರಾಕಿಯನ್ನು ನಂಬಿದ್ದರಲ್ಲಿ.

ಗಾರ್ವೆಯ ಕಥೆಯಲ್ಲೂ ಲೆಕ್ಕದ್ದೇ ಪಾಠ. ಅವರ ಹಡಗು ಕಂಪನಿಯ ಷೇರು ಒಂದಕ್ಕೆ 5 ಡಾಲರ್. ಮನೆಗೆಲಸದವರು, ಕೂಲಿಯವರು ಉಳಿಸಿದ ಕಾಸು ಹಾಕಿದರು. ಹಳೆಯ ಹಡಗುಗಳಿಗೆ ಮಿತಿಮೀರಿ ಬೆಲೆ ತೆತ್ತರು, ರಿಪೇರಿಗೆ ಸುರಿದರು, 1922ರಲ್ಲಿ ಕಂಪನಿ ನಿಂತಿತು. ಸರ್ಕಾರ ಅವರ ಮೇಲೆ ಹಗೆ ಸಾಧಿಸಿದ್ದು ನಿಜ. ಲೆಕ್ಕದ ಪುಸ್ತಕ ಗಟ್ಟಿಯಾಗಿ ಇಲ್ಲದ್ದೂ ಅಷ್ಟೇ ನಿಜ. 1923ರಲ್ಲಿ ಅಂಚೆ ವಂಚನೆಯ ಮೊಕದ್ದಮೆಯಲ್ಲಿ ಅವರಿಗೆ ಶಿಕ್ಷೆಯಾಯಿತು.

ಎದುರು ಉದಾಹರಣೆಯೂ ಉಂಟು. 1992ರಲ್ಲಿ ಕ್ವೀನ್ಸ್‌ನ ಹಾಲಿಸ್‌ನಲ್ಲಿ ಡೇಮಂಡ್ ಜಾನ್ ಟೋಪಿ ಹೊಲಿದು ಮಾರುತ್ತಾ ಫುಬು ಕಟ್ಟಿದರು. ಹೊಲಿಗೆ ಕಲಿಸಿದ್ದು ತಾಯಿ. ಆರ್ಡರು ಹೆಚ್ಚಾದಾಗ ಆಕೆ ಮನೆಯನ್ನೇ ಅಡವಿಟ್ಟು ದುಡ್ಡು ತಂದುಕೊಟ್ಟರು, ಮನೆಯ ಅರ್ಧ ಭಾಗ ಕಾರ್ಖಾನೆಯಾಯಿತು. ಮಗ ಹೋಟೆಲಿನಲ್ಲಿ ಬಡಿಸುವ ನೌಕರಿಯನ್ನು ಕೂಡಲೇ ಬಿಡಲಿಲ್ಲ. ನಮ್ಮವರಿಗಾಗಿ ನಮ್ಮವರೇ ಎಂಬ ಘೋಷಣೆ ಜಗಜ್ಜಾಹೀರಾಯಿತು. ಅದರ ಹಿಂದಿದ್ದ ಅಡಮಾನದ ಪತ್ರವನ್ನೂ ಹೊಸಬರು ನೆನಪಿಡಬೇಕು.

ತಾತ್ಪರ್ಯ

ಎಚ್ಚರ ಬೇಡಿಕೆಯನ್ನು ಹುಟ್ಟಿಸುತ್ತದೆ. ಅಭಿಮಾನ ಅದಕ್ಕೆ ರೂಪ ಕೊಡುತ್ತದೆ. ಇಷ್ಟರಿಂದ ಅಂಗಡಿ ತೆರೆಯಬಹುದು, ನಡೆಸಲಾಗದು. ನಡೆಸುವುದು ಕೈಗೆ ಎಟುಕುವ ಹೊಲಿಗೆ, ಸ್ವಂತ ಅಚ್ಚು, ದಿನದ ಲೆಕ್ಕ. ಮೊದಲ ನಾಲ್ಕು ಸಾಲು ಹಾರ್ಲೆಮ್ಮಿಗೆ ಚೆನ್ನಾಗಿ ಗೊತ್ತಿದ್ದವು, ಕೊನೆಯ ಮೂರಕ್ಕೆ ಅದು ದುಬಾರಿ ಶುಲ್ಕ ತೆತ್ತಿತು.

ಆಫ್ರಿಕಾದ ಕೈ ಕರ್ನಾಟಕದಲ್ಲೂ ಸೂಜಿ ಹಿಡಿದಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಸಮುದಾಯದ ಹಿರಿಯರು ಪೂರ್ವ ಆಫ್ರಿಕಾದಿಂದ ಬಂದವರು. ಹಲವರು ಪೋರ್ಚುಗೀಸರ ಗೋವಾದಲ್ಲಿ ಗುಲಾಮರಾಗಿದ್ದು ಕಾಡು ಸೇರಿದವರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅವರ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡು ಜೋಡಿಸಿ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೆ ಮಡಿಸಿದ ತುಂಡುಬಟ್ಟೆಯ ಹೂವಿಟ್ಟು ಮುಗಿಸುತ್ತಾರೆ. ಅಲ್ಲಿ ಅಚ್ಚು, ಬಟ್ಟೆ, ಕೈ ಮೂರೂ ಅವರವೇ. ಆ ಕಡೆ ಹೋದವರು ಕೌದಿಯನ್ನು ಹೊಲಿದವರ ಕೈಯಿಂದಲೇ ಕೊಳ್ಳಿ, ಅವರು ಹೇಳಿದ ಬೆಲೆಗೆ ಕೊಳ್ಳಿ, ಉದ್ರಿ ಮಾತ್ರ ಹೇಳಬೇಡಿ.